ಹುತ್ತ ತಪ್ಪಿಸಿ ಹೂಡಿದ ಗೂಟ

ನಮ್ಮ ಲೈನ್‌ಮನ್ ಗಾದಿಲಿಂಗಪ್ಪ ಮೆತ್ತನೆಯ ಮನಸ್ಸಿನವನು. ಅದೇ ಅವನಿಗೆ ಮುಳುವಾಯಿತು. ಹನ್ನೆರಡು ವರ್ಷ ಅವನ ಜತೆ ಕಂಬ ಹತ್ತಿದ ನಾನು ಇದನ್ನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಎಪ್ಪತ್ತಾರರಲ್ಲಿ ಇಟ್ಟಿಗಿ ಕಡೆ ಹೊಸ ಲೈನ್ ಎಳೆಯುತ್ತಿದ್ದೆವು. ಒಂದು ಹೊಲದ ಮೂಲೆಯಲ್ಲಿ, ಪೂರ್ವದಿಂದ ಬಂದ ಲೈನ್ ದಕ್ಷಿಣಕ್ಕೆ ಹೊರಳುತ್ತಿತ್ತು. ಅಂಥ ಕಂಬವನ್ನು ಒಂದು ತಂತಿ ಪೂರ್ವಕ್ಕೆ, ಇನ್ನೊಂದು ದಕ್ಷಿಣಕ್ಕೆ ಜಗ್ಗುತ್ತದೆ. ಎರಡೂ ಜಗ್ಗು ಕೂಡಿ ಕಂಬ ನಡುವಿನ ಆಗ್ನೇಯಕ್ಕೆ ವಾಲುತ್ತದೆ. ಹಾಗಾಗಿ ಅದನ್ನು ಹಿಂದಕ್ಕೆ ಹಿಡಿಯುವ ತಂತಿಯ ಗೂಟ ನೇರ ವಾಯವ್ಯಕ್ಕೇ ಬೀಳಬೇಕು. ನೆಲದ ಮೇಲೆ ಎರಡು ಬಾಣ ಗೀಚಿ, ಚೌಕ ಮುಚ್ಚಿ, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಅದನ್ನೇ ಹಿಂದಕ್ಕೆ ಬೆಳೆಸಿ ನನಗೆ ಇದನ್ನು ಕಲಿಸಿದವನೇ ಅವನು.

ವಾಯವ್ಯದಲ್ಲಿ ಹುತ್ತವಿತ್ತು. ಅದಕ್ಕೆ ದಿನಾ ಹಾಲೆರೆಯುವ ಬೊಮ್ಮಮ್ಮ ಕೈಮುಗಿದು ನಿಂತಳು. "ನಾಗಪ್ಪನ ಮನಿ ಐತಿ, ಅಗೀಬ್ಯಾಡಪ್ಪಾ ತಮ್ಮಾ."

ಅವನು ಗೂಟವನ್ನು ಏಳೆಂಟು ಹೆಜ್ಜೆ ಸರಿಸಿ ಪಶ್ಚಿಮಕ್ಕೆ ಹೂಡಿದ. "ದಕ್ಷಿಣದ ಜಗ್ಗು ಯಾರು ತಡೀತಾರಲೇ?" ಎಂದೆ. "ಕಂಬ ಗಟ್ಟಿ ಐತಿ, ಬಿಡಲೇ," ಎಂದ. ನಾನೂ ಬಿಟ್ಟೆ.

ಎರಡು ವರ್ಷ ಕಂಬ ಕೂದಲೆಳೆಯಷ್ಟೇ ದಕ್ಷಿಣಕ್ಕೆ ವಾಲುತ್ತ ಹೋಗಿ, ಒಂದು ಮುಂಗಾರಿನ ಗಾಳಿಗೆ ಮಲಗಿತು. ಬೆಳಿಗ್ಗೆ ಹಾಲಿನ ಚೊಂಬು ಹಿಡಿದು ಬಂದ ಬೊಮ್ಮಮ್ಮ ಕರೆಂಟು ಹರಿಯುತ್ತಿದ್ದ ತಂತಿ ತುಳಿದು ಸತ್ತಳು.

ಊರವರು ಗಾಳಿಯನ್ನು ಬೈದರು. ಲೈನನ್ನು ರಸ್ತೆಗುಂಟ ಸರಿಸಿದೆವು, ಹುತ್ತ ಉಳಿಯಿತು. ಅವಳ ಮಗಳು ಅಂಜಿನಕ್ಕ ಪ್ರತಿ ನಾಗರ ಪಂಚಮಿಗೆ ಗಾದಿಲಿಂಗಪ್ಪನ ಮನೆಗೆ ಉಂಡೆ ತರುತ್ತಿದ್ದಳು. "ಹುತ್ತ ಉಳಿಸಿದ ತಮ್ಮ ಅಂತ ಅವ್ವ ನಿಮ್ಮನ್ನ ಹರಸ್ತಿದ್ಲರಿ." ಅವಳು ಓಣಿ ದಾಟಿ ಹೋದ ಮೇಲೆ ಅವನು ಆ ಉಂಡೆಗಳನ್ನು ಎಮ್ಮೆಗೆ ಹಾಕುತ್ತಿದ್ದ. ಬಸ್ ಕಾಯುವಾಗ, ಊಟಕ್ಕೆ ಕೂತಾಗ ಅವನ ಬೆರಳು ತಾನಾಗಿ ಎರಡು ಬಾಣ ಗೀಚುತ್ತಿತ್ತು. ಮೂಲೆಯಿಂದ ಮೂಲೆಗೆ ಗೆರೆ ಎಳೆಯುವ ಮುಂಚೆಯೇ ಅಳಿಸಿಬಿಡುತ್ತಿದ್ದ. "ಆಕಿ ಕೈಮುಗಿದು ಅಲ್ಲೇ ನಿಂತಾಳಲೇ," ಎನ್ನುತ್ತಿದ್ದ.

ಎಂಬತ್ನಾಲ್ಕರ ಪಂಚಮಿಗೆ ತಡೆಯಲಾರದೆ, ಅಂಜಿನಕ್ಕನನ್ನು ಅಂಗಳದಲ್ಲಿ ಕೂರಿಸಿ, ಕೊನೆಯ ಗೆರೆಯವರೆಗೂ ಎಳೆದು ತೋರಿಸಿ ಎಲ್ಲ ಹೇಳಿಬಿಟ್ಟ. ಬೈಯಲಿ, ಚಪ್ಪಲಿ ತೆಗೆಯಲಿ ಎಂದು ತಲೆ ತಗ್ಗಿಸಿ ಕೂತ.

ಅವಳು ಗೆರೆಗಳನ್ನೇ ನೋಡಿದಳು. "ಹಂಗಾರ, ನಮ್ಮವ್ವ ಅಗೀಬ್ಯಾಡ ಅನ್ನದಿದ್ರ ಬದುಕ್ತಿದ್ಲೇನ್ರಿ?"

"ತಪ್ಪು ನಂದವ್ವಾ, ಆಕೀದಲ್ಲ," ಎಂದು ಅವನು ಗೋಗರೆದ. ಅವಳು ಎದ್ದು ಹೋದಳು.

ಮುಂದಿನ ವಾರ ನಾವಿಬ್ಬರೂ ಆ ದಾರಿಯಲ್ಲಿ ಸೈಕಲ್ ಮೇಲೆ ಹೋಗುವಾಗ ನೋಡಿದರೆ ಹುತ್ತವಿರಲಿಲ್ಲ. ಅಂಜಿನಕ್ಕ ತಾನೇ ಗುದ್ದಲಿ ಹಿಡಿದು ಅಗೆದಿದ್ದಳಂತೆ. ಗಾದಿಲಿಂಗಪ್ಪ ಇಳಿದು ಆ ಗುಂಡಿಯ ಪಕ್ಕ ಕುಸಿದು ಕೂತ. ಎಂಟು ವರ್ಷದ ಹಿಂದೆ ಗೂಟಕ್ಕೆಂದು ಅವನು ತೋಡಬೇಕಿದ್ದ ಗುಂಡಿ, ಅದೇ ಜಾಗದಲ್ಲಿತ್ತು.