ಸಭೆಗೆ ಬಂದ ಬೀಗರು

ಗೆಳೆಯರೇ, ಇವತ್ತು ಹಿರಿಯೂರಿನ ನಮ್ಮ ಸಭೆಗೆ ಹೊಸಬರಿಬ್ಬರು ಬಂದರು, ಇಬ್ಬರೂ ಉಳಿಯಲಿಲ್ಲ. ಪಾನನಿರೋಧ ಹೋದ ಮೇಲೆ ಕುಡಿತಕ್ಕೆ ಬಿದ್ದು, ಈಗ ಬಿಡಬೇಕೆನ್ನುವ ನಾವು ನಾಲ್ಕೈದು ಮಂದಿ ಭಾನುವಾರ ಶಾಲೆಯ ಕೊಠಡಿಯಲ್ಲಿ ಸೇರುತ್ತೇವೆ.

ಮೊದಲು ಬಂದವರು ಚಿಕ್ಕಜಾಜೂರಿನ ರೈಲ್ವೆ ನೌಕರರು, ಹೆಸರು ಬೇಡ. ಊರಿನವರ ಕಣ್ಣು ತಪ್ಪಿಸಲೆಂದೇ ಇಷ್ಟು ದೂರ ಬಂದಿದ್ದರು. "ಬೆಳಗಾದ್ರೆ ಕೈ ನಡುಗ್ತಾವೆ, ಹೆಂಗಾರ ಬಿಡಿಸ್ರಿ" ಎಂದು ಅತ್ತರು.

ಅಷ್ಟರಲ್ಲಿ ಬಬ್ಬೂರಿನವರೊಬ್ಬರು ಬಾಗಿಲಿಗೆ ಬಂದು ಬೆಚ್ಚಿ ನಿಂತರು. ರೈಲ್ವೆಯವರ ಮಗನಿಗೆ ಈ ಬಬ್ಬೂರಿನವರ ಮಗಳನ್ನು ಮದುವೆಗೆ ಗೊತ್ತುಮಾಡಿದ್ದಾರೆ. ನಮ್ಮಲ್ಲಿ ಯಾರೂ ಸಾರಾಯಿ ಮುಟ್ಟುವುದಿಲ್ಲವೆಂದು ಎರಡೂ ಕಡೆಯವರು ಎಲೆಅಡಿಕೆ ಹಿಡಿದು ಹೇಳಿದ್ದರಂತೆ.

"ಏನ್ ಬೀಗ್ರೆ, ಇಲ್ಲಿ?"

ರೈಲ್ವೆಯವರು ಕಣ್ಣೊರೆಸಿಕೊಂಡು ಎದ್ದರು. "ನಮ್ಮ ಭಾವಮೈದ ಇಲ್ಲಿಗೆ ಬರ್ತಾನಂತೆ, ನೋಡಾಣ ಅಂತ ಬಂದೆ. ನೀವು?"

"ನಾನೂ ಹಂಗೇ, ನಮ್ಮೂರೋನೊಬ್ಬನ್ನ ಹುಡುಕ್ಕೊಂಡು."

"ಇಬ್ರೂ ಕುಂತ್ಕಳ್ರಿ, ಇಲ್ಲಿ ಯಾರೂ ನಗಲ್ಲ" ಎಂದೆ.

"ಛೇ, ನಮಗ್ಯಾಕ್ರಿ ಇದೆಲ್ಲ? ಹೋಗಾಣ ನಡೀರಿ ಬೀಗ್ರೆ" ಎಂದರು ಬಬ್ಬೂರಿನವರು.

ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಹೊರಟೇಹೋದರು.

ಮದುವೆಗೇನೂ ತೊಂದರೆಯಿಲ್ಲ. ಚಪ್ಪರದ ಹಿಂದೆ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕುಡಿಯುತ್ತಾರೆ, ಅಷ್ಟೆ.