ಹಿಂಗೈಗೆ ಸಿಕ್ಕ ಬಿಸಿ

ಬನಹಟ್ಟಿಯ ನಮ್ಮ ಸೀರೆ ಕಾರ್ಖಾನೆಯಲ್ಲಿ ಮಗ್ಗ ರಿಪೇರಿ ಮಾಡುವ ಬಸಣ್ಣ ಯಾವ ಯಂತ್ರವನ್ನಾದರೂ ಮೊದಲು ಹಿಂಗೈಯಿಂದ ಮುಟ್ಟಿ ನೋಡುತ್ತಿದ್ದರು. ಸೀರೆಯ ಅಂಚಿನ ವಿನ್ಯಾಸ ಬಿಡಿಸುವ ನನ್ನ ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮೆ ಆರಿಹೋಗುತ್ತಿದ್ದ ದಿನವೂ ಹಾಗೇ ಮುಟ್ಟಿ, ಬಿಸಿಗೆ ಕೈ ಹಿಂದೆಗೆದರು. ಸಂಜೆಯೊಳಗೆ ವಿನ್ಯಾಸ ಮುಗಿಯದಿದ್ದರೆ ನನ್ನ ಹೊಸ ಕೆಲಸ ಉಳಿಯುವಂತಿರಲಿಲ್ಲ.

"ಅಕ್ಕಾರ, ಇದನ್ನ ಜಾಸ್ತಿ ಓಡಸಾಕತ್ತೀರೇನ್ರಿ?"

ಪ್ರೊಸೆಸರಿನ ವೇಗ ಹೆಚ್ಚಿಸಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸರಿಪಡಿಸಲೆಂದು ರ್‍ಯಾಮ್ ಬದಲಿಸಿದ್ದೆ, ವಿಂಡೋಸ್ ಮತ್ತೆ ಹಾಕಿದ್ದೆ, ಆ ವೇಗವನ್ನು ಮಾತ್ರ ಹಾಗೇ ಬಿಟ್ಟಿದ್ದೆ. ನಾಚಿಕೆಯಿಂದ ತಲೆಯಾಡಿಸಿದೆ.

"ಮಗ್ಗಾನೂ ಹಂಗ ರೀ. ಭಾಳ ಓಡಿಸಿದ್ರ ಎಳಿ ಹರೀತಾವು."

ವೇಗವನ್ನು ಮೊದಲಿನಷ್ಟಕ್ಕೆ ಇಳಿಸಿದೆ. ಸಂಜೆಯತನಕ ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ಅಂಚಿನ ವಿನ್ಯಾಸ ಮಗ್ಗ ಸೇರಿತು.

"ಭಾಳ ಉಪಕಾರ ಆತ್ರಿ," ಎಂದೆ.

"ಹಂಗಾದ್ರ ಮಗ್ಗ ಸಾವಕಾಶ ಓಡಸ್ರಿ ಅಂತ ಮಾಲಕರಿಗೂ ಒಂದ್ ಮಾತ ಹೇಳ್ರಿ. ಕನ್ನಡದಾಗ ನಾ ಹೇಳಿ ಸಾಕಾಗೇತಿ. ನೀವು ಇಂಗ್ಲಿಷಿನ್ಯಾಗ ಹೇಳ್ತೀರೇನ್ರಿ?"