ಅವ್ವನಿಗೆ ಕಲ್ಲು ಓದಿ ಹೇಳಿದ್ದು

ನಾನು ಸಿಂಧನೂರಿನ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಇತಿಹಾಸ ಹೇಳುವವಳು. ಪ್ರತಿವರ್ಷ ಮಕ್ಕಳನ್ನು ಮಸ್ಕಿ ಗುಡ್ಡದ ಶಾಸನಕ್ಕೆ ಕರೆದೊಯ್ದು, ಕಂಬಿಯ ಈಚೆ ನಿಂತು, ಸಾಲು ಸಾಲಿಗೂ ಬೆರಳು ತೋರಿಸುತ್ತ ಅರ್ಥ ಹೇಳಿದ್ದೇನೆ. ನನ್ನ ಗಂಟಲು ದೊಡ್ಡದು, ಅಳುಕು ಕಡಿಮೆ. ಒಬ್ಬರೂ ಎದುರು ಮಾತಾಡಿದ್ದಿಲ್ಲ.

ಹೋದ ವರ್ಷ ಅವ್ವನ ಕಣ್ಣಿನ ಪೊರೆ ತೆಗೆಸಿದೆವು. ಕಣ್ಣು ತಿಳಿಯಾಗಿದ್ದೇ ತಡ, ಹಟ ಹಿಡಿದಳು.

"ಮಸ್ಕಿಗೆ ಕರ್ಕೊಂಡು ಹೋಗು. ಆ ಕಲ್ಲಾಗ ಏನು ಬರದಾರ, ಓದಿ ಹೇಳು."

ಅವ್ವನ ತವರು ಮಸ್ಕಿ. ಸಣ್ಣವಳಿದ್ದಾಗ ಅದೇ ಗುಡ್ಡದಲ್ಲಿ ಆಡು ಮೇಯಿಸುತ್ತ, ಬಿಸಿಲೇರಿದರೆ ಆ ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದಳಂತೆ. ಆ ಗೀಟುಗಳನ್ನು ಓದಿದವರಿಗೆ ಹೊನ್ನಿನ ಕೊಪ್ಪರಿಗೆ ಸಿಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅವಳನ್ನು ಯಾರೂ ಶಾಲೆಗೆ ಕಳಿಸಲಿಲ್ಲ. ನನ್ನನ್ನು ಮಾತ್ರ ಮನೆಮಂದಿಯ ಕೂಡ ಜಗಳವಾಡಿ ಕಳಿಸಿದಳು.

ಬೆಳಗಿನ ಬಸ್ಸಿಗೆ ಹೋದೆವು. ಬಂಡೆಯ ಮುಂದೆ ನಿಂತು ನಾನು ಎಂದಿನ ಮೇಷ್ಟರ ದನಿ ತೆಗೆದೆ. ಧರ್ಮದಿಂದ ನಡೆದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮೇಲೇರಬಹುದು ಎಂದು ರಾಜ ಬರೆಸಿದ್ದಾನೆ ಅಂದೆ. ಅವ್ವ ಕಂಬಿಗೆ ಮುಖ ಒತ್ತಿ ನೋಡುತ್ತಿದ್ದಳು.

"ಇದು ನಮ್ಮಪ್ಪ ಆಡಿಗೆ ಹಾಕತಿದ್ದ ಬರಿ ಇದ್ದಂಗ ಐತಿ ನೋಡು. ಒಂದು ಗೀಟು ನೆಟ್ಟಗ, ಒಂದು ಅಡ್ಡ. ಹಿಂಡು ಕಲೆತರ ಇದನ್ನ ನೋಡೇ ನಮ್ಮ ಆಡು ಆರಸ್ತಿದ್ವಿ. ಅಗಾ, ಅಲ್ಲೂ ಐತಿ. ಇದಕ್ಕ ಏನಂತಾರ?"

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಪ್ಪತ್ತು ವರ್ಷ ಕಳೆದಿದ್ದೆ. ಅರ್ಥವೆಲ್ಲ ಪುಸ್ತಕದ್ದು; ಕಲ್ಲಿನ ಮೇಲಿನ ಒಂದು ಅಕ್ಷರವೂ ನನಗೆ ಗೊತ್ತಿರಲಿಲ್ಲ. ಬಾಯಿಗೆ ಬಂದ ಅಕ್ಷರ ಹೇಳಿದ್ದರೆ ಅವ್ವ ನಂಬುತ್ತಿದ್ದಳು.

"ಗೊತ್ತಿಲ್ಲ ಯವ್ವ. ಬಾಯಿಪಾಠ ಮಾಡೀನಿ ಅಷ್ಟ. ಓದಾಕ ಬರಂಗಿಲ್ಲ."

ಅವಳು ನನ್ನನ್ನೇ ನೋಡಿದಳು. "ಹಂಗಾರ ನೀನೂ ನನ್ನಂಗ ಹೆಬ್ಬೆಟ್ಟು ಅನ್ನು."

ಬೈದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಗುಡ್ಡ ಇಳಿದೆವು.

ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ಹೇಳಿ ಮೊಬೈಲ್ ತೆಗೆದೆ. ಹಳೆಯ ಅಕ್ಷರಗಳ ಪಟ್ಟಿ ಹುಡುಕಿದೆ. ಮಿರ್ಚಿ ಬರುವಷ್ಟರಲ್ಲಿ ಸಿಕ್ಕಿತು. ಮೊದಲೇ ಯಾಕೆ ಹುಡುಕಲಿಲ್ಲ ಎಂದರೆ, ಯಾರೂ ಕೇಳಿರಲಿಲ್ಲ.

"ಯವ್ವ, ಅದು ಕ. ರಾಜನ ಹೆಸರಿನಾಗೂ ಅದ ಐತಿ."

ಅವ್ವ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗಿಟ್ಟಳು. ನೀರಿನ ಲೋಟದಲ್ಲಿ ಬೆರಳದ್ದಿ ಮೇಜಿನ ಮೇಲೆ ಒಂದು ಗೀಟು ನೆಟ್ಟಗೆ ಎಳೆದಳು, ಇನ್ನೊಂದು ಅಡ್ಡ.

"ಕ," ಅಂದಳು ಗಟ್ಟಿಯಾಗಿ. ಪಕ್ಕದವರು ತಿರುಗಿ ನೋಡಿದರು.

ಸೆರಗಿಗೆ ಬೆರಳು ಒರೆಸಿಕೊಂಡು ಎದ್ದೇಬಿಟ್ಟಳು. "ನಡಿ, ಮತ್ತ ಗುಡ್ಡ ಹತ್ತೋಣು. ಎಲ್ಲೆಲ್ಲಿ ಕ ಐತಿ ನಾ ಓದತೀನಿ, ನೀ ಕೇಳು."

ಉರಿಬಿಸಿಲಿನಲ್ಲಿ ಮತ್ತೆ ಹತ್ತಿದೆವು. ಅವಳು ಮುಂದೆ, ನಾನು ಹಿಂದೆ.